ಎರಡನೇ ಟ್ರ್ಯಾಕಿನ ಮಕ್ಕಳು

ನನ್ನ ಕೆಲಸ ಕತ್ತರಿಸುವುದು. ಬೇರೆಯವರು ಓದಿದ ಪುಸ್ತಕಗಳ ಧ್ವನಿಮುದ್ರಣದಿಂದ ಕೆಮ್ಮು, ಏದುಸಿರು, ನಾಲಿಗೆ ತೊಡರಿದ ಜಾಗ ಎಲ್ಲವನ್ನೂ ತೆಗೆದು ಕೊಡುತ್ತೇನೆ. ಹನ್ನೊಂದು ವರ್ಷದಿಂದ ಇದೇ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದಂತೆ. ದಿನಕ್ಕೆ ಎಂಟು ಗಂಟೆ ಇನ್ನೊಬ್ಬರು ಎಂಜಲು ನುಂಗುವ ಸದ್ದು ಕೇಳಿ ನೋಡಲಿ, ಆಮೇಲೆ ಮಾತಾಡೋಣ.

ನನ್ನ ತಮ್ಮ ಉಗ್ಗುತ್ತಾನೆ. ಮಾತು ಕಲಿತಾಗಿನಿಂದಲೂ ಹಾಗೆಯೇ. ಲೆಕ್ಕವೆಂದರೆ ಅವನಿಗೆ ಪ್ರಾಣ, ಲೆಕ್ಕದ ಮೇಷ್ಟ್ರಾಗಬೇಕು ಎನ್ನುವುದೊಂದೇ ಆಸೆ. ಐದು ಶಾಲೆಗಳು ಅವನನ್ನು ಕೂರಿಸಿ, ಎರಡು ಮಾತಾಡಿಸಿ, ಆಮೇಲೆ ತಿಳಿಸುತ್ತೇವೆ ಎಂದು ಸಾಗಹಾಕಿದ್ದವು. ಆರನೆಯದು ಕಂಪ್ಯೂಟರಿನಲ್ಲೇ ಪಾಠ ನಡೆಸುವ ಶಾಲೆ. ನೆಟ್‌ವರ್ಕ್ ಸರಿಯಿಲ್ಲದ ಕಡೆಯ ಮಕ್ಕಳೇ ಹೆಚ್ಚು, ಹಾಗಾಗಿ ಚಿತ್ರವಿಲ್ಲ, ಬರೀ ಧ್ವನಿ. ಅಲ್ಲಿನ ಹೆಡ್ ಮೇಡಂ ಆರು ಮಕ್ಕಳನ್ನು ಒದಗಿಸಿ, ಒಂದು ಪಾಠ ಮಾಡಿ ರೆಕಾರ್ಡ್ ಕಳಿಸಿ, ಕೇಳಿ ಹೇಳುತ್ತೇನೆ ಎಂದಿದ್ದರು.

"ಇದೂ ಹೋದ್ರೆ ಬಿಟ್ಬಿಡ್ತೀನಿ ಅಕ್ಕ. ಗೋ... ಗೋಡೌನಲ್ಲಿ ಡಬ್ಬ ಎಣಿಸ್ಕೊಂಡಿರ್ತೀನಿ," ಎಂದ. ತಮಾಷೆಗೆ ಹೇಳಿದ್ದಲ್ಲ.

ರೆಕಾರ್ಡ್ ಮಾಡುವ ಜವಾಬ್ದಾರಿ ನನ್ನದಾಯಿತು. ಹೇಳಿದರೆ ಇದು ಸುಲಭ ಎನ್ನಿಸುತ್ತದೆ. ಆದರೆ ಕರೆ ಮಾಡುವ ಆ್ಯಪು ತನಗೆ ಬಂದ ಧ್ವನಿಯನ್ನು ನೇರ ಹೆಡ್‌ಫೋನಿಗೆ ಸುರಿಯುತ್ತದೆ, ರೆಕಾರ್ಡ್ ಮಾಡುವ ಆ್ಯಪಿಗೆ ಅದರ ಸುಳಿವೇ ಇರುವುದಿಲ್ಲ. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ವಾರಗಿತ್ತಿಯರ ಹಾಗೆ. ನಡುವೆ ಕಣ್ಣಿಗೆ ಕಾಣದ ತಂತಿಯೊಂದನ್ನು ಸಾಫ್ಟ್‌ವೇರಿನಲ್ಲೇ ಎಳೆಯಬೇಕು. ಎಳೆದೆ. ರೆಕಾರ್ಡಿನಲ್ಲಿ ಧ್ವನಿಗೊಂದು ಸಾಲು, ಅದೇ ಟ್ರ್ಯಾಕು. ತಮ್ಮನ ಮೈಕು ಒಂದನೇ ಟ್ರ್ಯಾಕಿಗೆ, ಮಕ್ಕಳ ಧ್ವನಿ ಎರಡನೆಯದಕ್ಕೆ. ಮೊದಲ ಪ್ರಯತ್ನದಲ್ಲಿ ಎರಡನ್ನೂ ಸೇರಿಸಿ ವಾಪಸ್ ಕರೆಗೇ ಬಿಟ್ಟಿದ್ದೆ. ಮಕ್ಕಳಿಗೆ ತಂತಮ್ಮ ನಗುವೇ ತಿರುಗಿ ಕೇಳಿಸಿ, ಅದಕ್ಕೆ ಇನ್ನಷ್ಟು ನಕ್ಕು, ಹತ್ತು ನಿಮಿಷ ಸಂತೆಯಾಯಿತು.

ಅದನ್ನು ಸರಿಮಾಡಿ ಪಕ್ಕದಲ್ಲಿ ಕೂತೆ. ತಮ್ಮ ನನಗೆ ಬಾಗಿಲು ತೋರಿಸಿದ.

"ನೀನು ಹೊರಗಿರು. ಇಲ್ಲಿದ್ರೆ ನನ್ನ ಮಾತು ನೀನೇ ಮು... ಮುಗಿಸ್ತೀಯ."

ಉಪಕಾರ ಸ್ಮರಣೆ ಇಲ್ಲದವನು ಎಂದು ಬೈದುಕೊಂಡು ಹೊರಗೆ ಹೋದೆ.

ಪಾಠ ನಲವತ್ತಮೂರು ನಿಮಿಷ ನಡೆಯಿತು. ಸಂಜೆ ಕೆಲಸಕ್ಕೆ ಕೂತೆ. ಎರಡನೇ ಟ್ರ್ಯಾಕಿನ ಸದ್ದು ಅಡಗಿಸಿ ತಮ್ಮನದನ್ನಷ್ಟೇ ಕೇಳಿದೆ. ಕತ್ತರಿಸುವಾಗ ನಾನು ಯಾವತ್ತೂ ಒಂದೇ ಧ್ವನಿ ಕೇಳುವುದು, ಅದು ಕೈಗೆ ಹತ್ತಿದ ಅಭ್ಯಾಸ. ಅರವತ್ತೊಂದು ಕಡೆ ಅವನ ಮಾತು ನಿಂತಿತ್ತು. ಒಂದು ಕಡೆಯಂತೂ ಹದಿನಾಲ್ಕು ಸೆಕೆಂಡು. ಒಂದು ಟ್ರ್ಯಾಕಿನಲ್ಲಿ ತೆಗೆದಷ್ಟು ಇನ್ನೊಂದರಲ್ಲೂ ಹೋಗುವಂತೆ ಎರಡನ್ನೂ ಜೋಡಿಸಿಟ್ಟಿದ್ದೆ, ಇಲ್ಲದಿದ್ದರೆ ಪ್ರಶ್ನೆಗಿಂತ ಮುಂಚೆ ಉತ್ತರ ಬಂದುಬಿಡುತ್ತದೆ. ಎಲ್ಲಾ ತೆಗೆದಾಗ ಮೂವತ್ತಾರು ನಿಮಿಷ ಉಳಿಯಿತು. ಒಂದು ಎಡವಟ್ಟಿಲ್ಲ. ಹೆಮ್ಮೆಯಿಂದ ಅವನನ್ನು ಕರೆದು ಹೆಡ್‌ಫೋನ್ ಕೊಟ್ಟೆ.

ಪೂರ್ತಿ ಕೇಳಿದ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

"ಚೆನ್ನಾಗಿದೆ. ಮಕ್ಕಳೆಲ್ಲಿ?"

"ಎಲ್ಲಿ ಅಂದ್ರೆ? ಅಲ್ಲೇ ಇದಾರಲ್ಲ."

"ಇಲ್ಲ. ನೀನೇ ಕೇಳು."

ಮೂಲದ ರೆಕಾರ್ಡ್ ತೆರೆದು ಆ ಹದಿನಾಲ್ಕು ಸೆಕೆಂಡಿನ ಜಾಗಕ್ಕೆ ಹೋದೆ. ಈ ಸಲ ಎರಡೂ ಟ್ರ್ಯಾಕು ಬಿಟ್ಟೆ. ಮೂರು ಸೇಬನ್ನು ನಾಲ್ಕು ಜನಕ್ಕೆ ಹಂಚುವ ಲೆಕ್ಕ. "ಒಬ್ಬೊಬ್ಬರಿಗೆ ಮು... ಮು..." ಎಂದು ತಮ್ಮ ನಿಂತ. ಆ ಸಂದಿಯಲ್ಲಿ ಒಬ್ಬ ಹುಡುಗಿ ಮೆಲ್ಲಗೆ, "ಅರ್ಧರ್ಧ ಕೊಡೋಣ. ತಡೀರಿ, ಆಗ ಒಂದು ಉಳಿಯುತ್ತೆ," ಎಂದಳು. ಇನ್ನೊಂದು ಮಗು, "ಅದನ್ನೂ ನಾಲ್ಕು ಮಾಡು," ಎಂದಿತು. ಪೆನ್ಸಿಲ್ ಗೀಚಿದ ಸದ್ದು. ಆಮೇಲೆ ಇಬ್ಬರೂ ಒಟ್ಟಿಗೆ, "ಮುಕ್ಕಾಲು, ಸಾರ್." ಅದಾದ ಮೇಲೆ ತಮ್ಮನೂ ಹೇಳಿದ, "ಮುಕ್ಕಾಲು."

ನಾನು ಕತ್ತರಿಸಿ ಕೊಟ್ಟದ್ದರಲ್ಲಿ ಅವನೇ ಪ್ರಶ್ನೆ ಕೇಳಿ ಅವನೇ ಥಟ್ಟನೆ ಉತ್ತರ ಹೇಳಿದ್ದ. ಮಕ್ಕಳು ಹೂಂ ಎಂದಿದ್ದವು, ಅಷ್ಟೇ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದೆ.

ಆದರೂ ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ಹಾಗೇ ಕಳಿಸಿದ್ರೆ ಆರನೇ ಸಲಾನೂ ಬೇಡ ಅಂತಾರೆ ಕಣೋ. ಕತ್ತರಿಸಿದ್ದು ಅಂತ ಮೇಡಂಗೇನು ಗೊತ್ತಾಗುತ್ತೆ?"

"ಅನ್ಲಿ. ನೀ... ನೀನು ಮಾಡಿರೋದು ಕೇಳಿ ಹೂಂ ಅಂದ್ರೆ, ಆ ಹೂಂ ಯಾರಿಗೆ? ನಾಳೆ ಪಾಠ ಮಾಡೋಕೆ ನಿನ್ನ ಕತ್ತರಿ ಹೋ... ಹೋಗುತ್ತಾ?"

ನನಗೆ ನಾಚಿಕೆಯಾಯಿತು. ಮನೆಗೆ ನೆಂಟರು ಬಂದರೆ, ಅಂಗಡಿಗೆ ಹೋದರೆ, ಡಾಕ್ಟರ ಮುಂದೆ ಕೂತರೆ, ಇವನು ಬಾಯಿ ತೆರೆದು ನಿಂತ ಕೂಡಲೇ ಉಳಿದದ್ದನ್ನು ನಾನು ಹೇಳಿ ಮುಗಿಸುತ್ತಿದ್ದೆ. ಅದನ್ನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೇ ಇರಬಹುದು, ಆದರೆ ನನಗೆ ಕಾಯಲು ಬರುತ್ತಿರಲಿಲ್ಲ ಎನ್ನುವುದೂ ನಿಜ. ಆ ಆರು ಮಕ್ಕಳಿಗೆ ಅದು ಮೊದಲ ದಿನವೇ ಬಂದಿತ್ತು.

ನಲವತ್ತಮೂರು ನಿಮಿಷವನ್ನೂ ಇದ್ದದ್ದು ಇದ್ದ ಹಾಗೆ ಕಳಿಸಿದೆ.

ನಾಲ್ಕು ದಿನ ಸುದ್ದಿಯಿಲ್ಲ. ಐದನೇ ದಿನ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದಾಗ ತಮ್ಮ ಫೋನು ಹಿಡಿದು ಬಂದು ಬಾಗಿಲಲ್ಲಿ ನಿಂತ. ಹೆಡ್ ಮೇಡಂ ಮಾತಾಡಿ ಇಟ್ಟಿದ್ದರು. ಅವನ ಮುಖ ನೋಡಿದರೆ ಒಂದೂ ಗೊತ್ತಾಗಲಿಲ್ಲ.

"ಅಕ್ಕ, ಅವರು..." ಎಂದ. ತುಟಿ ಗಟ್ಟಿಯಾಯಿತು, ಕಣ್ಣು ಮುಚ್ಚಿಕೊಂಡ, ಮಾತು ಹೊರಡಲಿಲ್ಲ.

ಬೇಡ ಅಂದ್ರಾ ಎನ್ನುವ ಮಾತು ನನ್ನ ಬಾಯಿಯ ತನಕ ಬಂದಿತ್ತು. ಹಲ್ಲು ಕಚ್ಚಿ ನಿಂತೆ. ಸೋಸುವ ಜಾಲರಿಯಿಂದ ಕೊನೆಯ ಹನಿಗಳು ಒಂದೊಂದಾಗಿ ಲೋಟಕ್ಕೆ ಬಿದ್ದು ಮುಗಿದವು. ನಾನು ಜಾಲರಿಯನ್ನು ಕೆಳಗಿಡಲೂ ಇಲ್ಲ.

"ಸೋ... ಸೋಮವಾರದಿಂದ ಬಾ ಅಂದ್ರು," ಎಂದ ತಮ್ಮ.