ಎಷ್ಟು ಜನ ಬಂದಿದ್ದೀರಿ?

ಸೊಸೆಯ ಕೆಲಸವೇ ಕಿವಿ ಪರೀಕ್ಷೆ. ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ದಪ್ಪ ಬಾಗಿಲಿನ ನಿಶ್ಶಬ್ದ ಕೋಣೆಯಲ್ಲಿ ಜನರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಸಣ್ಣ ಸಣ್ಣ ಸದ್ದು ಕಳಿಸುತ್ತಾಳೆ. ಕೇಳಿಸಿದವರು ಬೆರಳೆತ್ತಬೇಕು. ಅತ್ತೆಯನ್ನು ಅವಳು ಮೊದಲು ಕಂಡದ್ದೂ ಅಲ್ಲೇ, ಅಮ್ಮನ ಕೈ ಹಿಡಿದು ಬಂದ ಮಗನನ್ನು ಕಂಡದ್ದೂ ಅಲ್ಲೇ. ಹಾಗಾಗಿ ಆ ಕಿವಿಗಳ ಹಣೆಬರಹ ಅವಳಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಮಷೀನು ಹಾಕಿದರೆ ಮಾತು ಅಷ್ಟೋ ಇಷ್ಟೋ ಕೇಳಿಸುತ್ತದೆ. ತೆಗೆದರೆ ಕಿವಿಯ ಪಕ್ಕ ಪಟಾಕಿ ಹೊಡೆದರೂ ಗೊತ್ತಾಗುವುದಿಲ್ಲ.

ಆ ಬೇಸಿಗೆ ರಜೆಯಲ್ಲಿ ಮೂವರೂ ಕಾರಿನಲ್ಲಿ ಹೊರಟರು. ಗಂಡ ದಾರಿಯನ್ನೆಲ್ಲ ಮೊದಲೇ ಗೊತ್ತುಮಾಡಿದ್ದ: ಮೊದಲು ಕೋಟೆ, ಆಮೇಲೆ ಹಳೆಯ ಸೆರೆಮನೆ, ಕೊನೆಗೆ ಸಮುದ್ರ. ಅವನು ದನಿಯೆತ್ತಿ ಹಾಡತೊಡಗಿದ ಕೂಡಲೇ ಹಿಂದಿನ ಸೀಟಿನಲ್ಲಿದ್ದ ಅತ್ತೆ, ನಿನ್ನ ಹಾಡಿಗಿಂತ ನನ್ನ ಕಿವುಡೇ ವಾಸಿ ಎಂದು ಮಷೀನು ಕಳಚಿ ಚೀಲಕ್ಕೆ ಹಾಕಿಕೊಂಡರು. ಸೊಸೆ ನಕ್ಕಳು. ಅವಳ ಹೊಟ್ಟೆಯಲ್ಲಿ ಎರಡು ತಿಂಗಳ ಗುಟ್ಟೊಂದಿತ್ತು. ಹಿಂದೆ ಎರಡು ಸಲ ಆಸೆ ಹುಟ್ಟಿ ಕಮರಿದ್ದರಿಂದ ಈ ಸಲ ಗಂಡನಿಗೂ ಬಾಯಿ ಬಿಟ್ಟಿರಲಿಲ್ಲ.

ಕೋಟೆಯೊಳಗೆ ಗುಮ್ಮಟದ ಹಜಾರವೊಂದಿತ್ತು. ಈ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆಚೆ ಗೋಡೆಯ ಹತ್ತಿರ ನಿಂತವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ ಎಂದು ಗೈಡ್ ಮಾಡಿ ತೋರಿಸಿದ. ಗಂಡ ಹೆಂಡತಿ ಮಕ್ಕಳ ಹಾಗೆ ಆಡಿದರು. ಅತ್ತೆಯ ಮಷೀನು ಇನ್ನೂ ಚೀಲದಲ್ಲೇ ಇತ್ತು. ಅವರು ಗೋಡೆಗೆ ಒರಗಿ ಕರವಸ್ತ್ರದಿಂದ ಗಾಳಿ ಹಾಕಿಕೊಳ್ಳುತ್ತಿದ್ದವರು, ಯಾರೋ ಕರೆದಂತೆ ಥಟ್ಟನೆ ತಿರುಗಿ ಕಲ್ಲಿಗೆ ಹೇಳಿದರು:

"ನಾಲ್ಕು ಜನ."

ಸೊಸೆ ಓಡಿಬಂದು ಮಷೀನು ಹಾಕಿಸಿ ಕೇಳಿದಳು. ಯಾವುದೋ ಹುಡುಗಿ ಎಷ್ಟು ಜನ ಬಂದಿದ್ದೀರಿ ಅಂತ ಕೇಳಿದಳು, ಹೇಳಿದೆ, ಅಂದರು ಅತ್ತೆ. ನಾವು ಮೂರೇ ಜನ ಅಲ್ಲವೇನಮ್ಮ ಎಂದು ಮಗ ನಕ್ಕ. ಅತ್ತೆ ಮೂವರನ್ನೂ ಕಣ್ಣಲ್ಲೇ ಎಣಿಸಿ, ಹೌದಲ್ಲ, ಬಾಯಿಗೆ ಬಂದದ್ದು ಅಂದೆ, ಎಂದು ಪೆಚ್ಚಾದರು. ಸೊಸೆಯ ಕೈ ತನ್ನಷ್ಟಕ್ಕೇ ಹೊಟ್ಟೆಯ ಮೇಲೆ ಹೋಯಿತು.

ಕೇಳಿಸದ ಕಿವಿ ತಾನೇ ಸದ್ದು ಹುಟ್ಟಿಸಿಕೊಳ್ಳುತ್ತದೆ. ದಿನ ಬೆಳಗಾದರೆ ಈ ಮಾತನ್ನು ಅವಳೇ ಯಾರಿಗಾದರೂ ಹೇಳಿ ಸಮಾಧಾನ ಮಾಡುತ್ತಾಳೆ. ಇವತ್ತು ದಾರಿಯುದ್ದಕ್ಕೂ ತನಗೇ ಹೇಳಿಕೊಂಡಳು.

ಸೆರೆಮನೆಯ ಗೋಡೆಗಳು ಎರಡು ಆಳು ದಪ್ಪ. ಒಂದು ಕತ್ತಲೆಕೋಣೆಯ ಗೋಡೆಯಲ್ಲಿ ಮುಷ್ಟಿ ಹಿಡಿಸುವಷ್ಟು ತೂತು. ಒಳಗಿದ್ದವರು ಮನೆಯವರ ಜೊತೆ ಮಾತಾಡಲು ಇದ್ದದ್ದು ಅದೊಂದೇ ದಾರಿಯಂತೆ. ಅಲ್ಲಿನ ಕಾವಲುಗಾರ ಮುದುಕ, "ಗೋಡೆಗೂ ಕಿವಿ ಇರುತ್ತೆ ಅಂತಾರೆ. ಈ ಗೋಡೆಗೆ ಬಾಯೂ ಇದೆ" ಎಂದು, ಎಲ್ಲರಿಗೂ ಹೇಳಿ ಸವೆದ ತಮಾಷೆಯನ್ನು ಇವರಿಗೂ ಹೇಳಿದ.

ಅತ್ತೆ ತಾವಾಗಿಯೇ ಮಷೀನು ತೆಗೆದು ತೂತಿಗೆ ಕಿವಿಗೊಟ್ಟರು. ಫೋನಿನಲ್ಲಿ ಕೆಟ್ಟ ಸುದ್ದಿ ಕೇಳುವವರ ಮುಖ ಹೇಗಾಗುತ್ತದೋ ಹಾಗಾಯಿತು ಅವರ ಮುಖ. ಅದನ್ನೆಲ್ಲ ನಾನು ಹೇಳೋದಕ್ಕಾಗಲ್ಲ ಎಂದು ತೂತಿನೊಳಕ್ಕೆ ಗೊಣಗಿ ಹಿಂದೆ ಸರಿದರು. ಸೊಸೆ ತಾನೂ ಕಿವಿಯಿಟ್ಟಳು. ತಣ್ಣನೆಯ ಕಲ್ಲು, ಹಳೆ ಸುಣ್ಣದ ವಾಸನೆ, ಬೇರೇನಿಲ್ಲ. ತಲೆ ತೆಗೆಯುವಾಗ ಕಿವಿಗೆ ಬೆಚ್ಚಗೆ ಉಸಿರು ತಾಗಿತು. ಆಚೆ ಬಿಸಿಲಿದೆ, ಗಾಳಿ ಬಂದಿರಬೇಕು ಅಂದುಕೊಂಡಳು. ಆಚೆ ಹೋಗಿ ನೋಡಿದರೆ ಗೋಡೆಯ ಆ ಮಗ್ಗುಲಿಗೆ ಹೊಸದಾಗಿ ಗಾರೆ ಮೆತ್ತಿತ್ತು, ತೂತೇ ಇರಲಿಲ್ಲ.

ಆ ಸಂಜೆ ಲಾಡ್ಜಿನ ಕೋಣೆಯಲ್ಲಿ, ಗಂಡ ಕಾರು ನಿಲ್ಲಿಸಲು ಹೋಗಿದ್ದಾಗ, ಅತ್ತೆ ಬಾಯಿ ಬಿಟ್ಟರು.

"ನಾಲ್ಕು ಜನದಲ್ಲಿ ಇಲ್ಲಿ ಉಳಿಯೋರು ಯಾರು ಅಂತ ಆ ಹುಡುಗಿ ಕೇಳ್ತಾಳಮ್ಮ. ನಾಳೆ ನೀರಿನ ಹತ್ತಿರ ಹೇಳಬೇಕಂತೆ."

ಸೊಸೆ ಮಂಚದ ಅಂಚಿನಲ್ಲಿ ಕೂತು, ಯಾರಿಗೂ ಹೇಳದ್ದನ್ನು ಹೇಳಿದಳು. ಅತ್ತೆ ಹಿಗ್ಗಲಿಲ್ಲ, ತಬ್ಬಿಕೊಳ್ಳಲಿಲ್ಲ. ಅವಳ ಮಣಿಕಟ್ಟು ಹಿಡಿದು, "ಮೊದಲೇ ಹೇಳಿದ್ರೆ ಬಾಯಿ ಬಿಗಿ ಹಿಡೀತಿದ್ದೆನಲ್ಲಮ್ಮ" ಅಂದರು.

ಬೆಳಿಗ್ಗೆ ಸೊಸೆ ವಾಪಸು ಹೋಗೋಣ ಎಂದು ಹಟ ಹಿಡಿದಳು. ಇಷ್ಟು ದೂರ ಬಂದು ಸಮುದ್ರ ನೋಡದೆ ಹೋಗುವುದೇ ಎಂದ ಗಂಡ. ಅವನ ಪರ ಮಾತಾಡಿದ್ದು ಅತ್ತೆಯೇ. "ಕೇಳಿದವರಿಗೆ ಉತ್ತರ ಕೊಡದೆ ಹೋದ್ರೆ ಮನೆ ತನಕ ಬರ್ತಾರೆ" ಎಂದು ಸೊಸೆಗೆ ಮಾತ್ರ ಕೇಳುವ ಹಾಗೆ ಹೇಳಿ ಕಾರು ಹತ್ತಿದರು.

ನಡುಮಧ್ಯಾಹ್ನದ ಸಮುದ್ರ ತೀರ. ಬಣ್ಣದ ಕೊಡೆಗಳು, ಚೆಂಡು, ಕಿರುಚುವ ಮಕ್ಕಳು. ಹೆದರಲು ಏನೂ ಇಲ್ಲದ ಜಾಗ. ಗಂಡ ಈಜಲು ಹೋದ. ಸೊಸೆ ಅತ್ತೆಯ ತೋಳು ಬಿಡದೆ ಕೂತಳು. ಗಂಟಲು ಒಣಗಿತು ಎಂದರು ಅತ್ತೆ. ಕೊಡೆಯ ಹಿಂದೆ ಹತ್ತು ಮಾರಿನಲ್ಲೇ ಅಂಗಡಿ. ಸೊಸೆ ಬಾಟಲಿ ಹಿಡಿದು ತಿರುಗುವಷ್ಟರಲ್ಲಿ ಅತ್ತೆಯ ಕುರ್ಚಿ ಖಾಲಿ, ಅದರ ಮೇಲೆ ಮಷೀನು.

ಅತ್ತೆ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಬಗ್ಗಿ, ಕಿವಿಗೆ ಅಂಗೈ ಮರೆಮಾಡಿ, ಪುಟ್ಟ ಮಗುವಿನ ಜೊತೆ ಮಾತಾಡುವ ಹಾಗೆ ಏನೋ ಹೇಳುತ್ತಿದ್ದರು. ಸೊಸೆ ಓಡಿದಳು. ಹತ್ತಿರವಾದಾಗ ಮಾತು ಕಿವಿಗೆ ಬಿತ್ತು.

"ಎಣಿಸಿದ್ದು ತಪ್ಪಾಯ್ತು ಕಣೇ. ಅದು ಇನ್ನೂ ಬಂದಿಲ್ಲ, ಬಾರದೇ ಇರೋದನ್ನ ಹೇಗೆ ಬಿಟ್ಟು ಹೋಗಲಿ? ನಾನೇ ಇರ್ತೀನಿ."

ಆಗ ಎಲ್ಲ ಸದ್ದೂ ನಿಂತಿತು. ಅಲೆ ಒಡೆಯುತ್ತಿತ್ತು, ಮಕ್ಕಳ ಬಾಯಿ ತೆರೆದೇ ಇತ್ತು, ದೂರದಲ್ಲಿ ಗಂಡ ಕೈಬೀಸಿ ಕೂಗುತ್ತಿದ್ದ. ಅವಳಿಗೆ ಏನೊಂದೂ ಕೇಳಿಸಲಿಲ್ಲ. ತನ್ನ ಉಸಿರೂ ಕೇಳಿಸಲಿಲ್ಲ. ನೀರು ಹಿಂದೆ ಸರಿದು ಪಾದದಡಿಯ ಮರಳು ಜಾರಿತು. ಆಮೇಲೆ ಸದ್ದೆಲ್ಲ ಒಟ್ಟಿಗೇ ನುಗ್ಗಿತು.

ಎಳೆದರೆ ಅತ್ತೆ ಸುಮ್ಮನೆ ಜೊತೆಗೆ ಬಂದರು. ಮಷೀನು ಹಾಕಿ, "ಅತ್ತೆ, ಕೇಳಿಸ್ತಾ?" ಅಂದಳು. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರನ್ನು ನೋಡುವ ಹಾಗೆ ಮರ್ಯಾದೆಯಿಂದ ನೋಡಿದರು, ಅಷ್ಟೇ.

ಬಿಸಿಲಿನ ಹೊಡೆತ ಎಂದ ಗಂಡ. ಮೆದುಳಿನಲ್ಲಿ ಏನೂ ಕಾಣುವುದಿಲ್ಲ, ವಯಸ್ಸಾಯಿತಲ್ಲ, ಎಂದರು ಡಾಕ್ಟರು. ಅತ್ತೆ ಊಟ ಮಾಡುತ್ತಾರೆ, ಬಟ್ಟೆ ಮಡಚುತ್ತಾರೆ, ಮಲಗುತ್ತಾರೆ. ಮಾತು ಮಾತ್ರ ಮರಳಲಿಲ್ಲ. ಸೊಸೆ ಒಂದು ದಿನ ಅವರನ್ನು ಆಸ್ಪತ್ರೆಯ ಆ ಕೋಣೆಯಲ್ಲಿ ಕೂರಿಸಿ ಗಾಜಿನ ಈಚೆಯಿಂದ ಸದ್ದು ಕಳಿಸಿದಳು. ಎಷ್ಟು ಏರಿಸಿದರೂ ಬೆರಳು ಏಳಲಿಲ್ಲ. ಸೋತು ಎಲ್ಲವನ್ನೂ ಆರಿಸಿ ಕೈ ಕೆಳಗಿಟ್ಟಳು. ಆಗ ಅತ್ತೆ ಬೆರಳೆತ್ತಿದರು. ಸ್ವಲ್ಪ ತಡೆದು ಮತ್ತೊಮ್ಮೆ. ಮುಖದಲ್ಲಿ, ಮನೆಮಕ್ಕಳ ತೊದಲು ಕೇಳುವಾಗಿನ ನಗು.

ಚಳಿಗಾಲದಲ್ಲಿ ಹೆಣ್ಣುಮಗು ಹುಟ್ಟಿತು. ಆರೋಗ್ಯವಾಗಿದೆ, ಗಂಟಲು ಜೋರು. ಸಮುದ್ರದ ಸಂಗತಿಯನ್ನು ಸೊಸೆ ಗಂಡನಿಗೆ ಹೇಳಲಿಲ್ಲ; ಹೇಳಿದರೆ ನಂಬುವುದಿಲ್ಲ, ನಂಬಿದರೆ ಅಮ್ಮನನ್ನು ಹುಡುಕಿಕೊಂಡು ಆ ನೀರಿಗೇ ಹೊರಟುಬಿಡುತ್ತಾನೆ. ದಿನಾ ಬೆಳಿಗ್ಗೆ ಅತ್ತೆಗೆ ತಲೆ ಬಾಚುವಾಗ ಅವರ ಕಿವಿಯ ಹತ್ತಿರ ಬಾಯಿಟ್ಟು ಮಗುವಿನ ಸುದ್ದಿಯನ್ನೆಲ್ಲ ಹೇಳುತ್ತಾಳೆ. ಹಲ್ಲು ಬಂತು, ಗೋಡೆ ಹಿಡಿದು ನಿಂತಳು, ನಿಮ್ಮದೇ ಮೂಗು ಅತ್ತೆ. ಆ ಬಾಯಿಂದ ಉತ್ತರ ಬಂದಿಲ್ಲ. ಆದರೂ ಹೇಳುತ್ತಾಳೆ, ಎಲ್ಲಿದ್ದಾರೋ ಅಲ್ಲಿಗೆ ತಲುಪಲಿ ಎಂದು, ಸ್ವಲ್ಪ ಜೋರಾಗಿಯೇ.