ಮನೆ ತುಂಬಿದ ಪಂಚಮಿ

ಹುಬ್ಬಳ್ಳಿ, ಧಾರವಾಡ ಎರಡನ್ನೂ ಕೂಡಿಸಿ ಸರಕಾರದವರು ಒಂದೇ ಮಹಾನಗರಪಾಲಿಕೆ ಮಾಡಿದ ವರ್ಷ ಅದು. ಎರಡು ಊರು ಒಂದಾದ ಆ ವರ್ಷವೇ ದುರ್ಗದಬೈಲಿನ ಕಾಳಿನ ವ್ಯಾಪಾರಿ ಫಕೀರಪ್ಪನ ಒಂದು ಮನೆ ಎರಡಾಗುವ ಹಂತಕ್ಕೆ ಬಂತು. ಕುಡಿತ ಕಾರಣವಲ್ಲ, ಇಸ್ಪೀಟು ಕಾರಣವಲ್ಲ. ಫಕೀರಪ್ಪ ಸುಧಾರಿಸಲು ಹೊರಟದ್ದೇ ಕಾರಣ.

ಐವತ್ತರ ಹತ್ತಿರ ಬಂದ ಮನುಷ್ಯ. ಹೊಟ್ಟೆ ಸ್ವಲ್ಪ ಮುಂದೆ, ಸಿಟ್ಟು ಅದಕ್ಕಿಂತ ತುಸು ಮುಂದೆ. ಉಳಿದಂತೆ ಯಾರ ತಂಟೆಗೂ ಹೋಗದವನು. ಮಗ ಬೆಳಗಾವಿಯಲ್ಲಿ ಕಾಲೇಜು ಓದುತ್ತಿದ್ದ. ಮನೆಯಲ್ಲಿ ತಾನು, ಹೆಂಡತಿ ಮುರಿಗೆವ್ವ, ಇಬ್ಬರೇ. ಹಾಗೇ ಇದ್ದುಬಿಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು? ಆದರೆ ಆ ಬೇಸಿಗೆಯ ಒಂದು ಸಂಜೆ, ಪುಣೆ ಕಡೆಯ ಯಾರೋ ಗೃಹಸ್ಥರು ಬಂದು 'ಜೀವನ ಸುಧಾರಣೆ' ಎಂಬ ವಿಷಯದ ಮೇಲೆ ಭಾಷಣ ಮಾಡುತ್ತಾರೆಂದು ಕೇಳಿ, ಪುಕ್ಕಟೆಯೆಂದೂ ತಿಳಿದು, ಹೋಗಿ ಮುಂದಿನ ಸಾಲಿನಲ್ಲೇ ಕುಳಿತ. ಆ ಗೃಹಸ್ಥರು ನಸುಕಿನಲ್ಲಿ ಏಳಿ ಎಂದರು, ತಿರುಗಾಡಿ ಎಂದರು, ಚಹಾ ಬಿಡಿ ಎಂದರು, ತುತ್ತನ್ನು ನೀರಾಗುವ ತನಕ ಅಗಿಯಿರಿ ಎಂದರು. ಕಡೆಗೆ ಮೇಜು ಗುದ್ದಿ, "ನೇರವಾಗಿ ಮಾತಾಡಿರಿ! ಇದ್ದದ್ದನ್ನು ಇದ್ದ ಹಾಗೆ ಅನ್ನುವವನ ಸಂಸಾರ ಬಂಗಾರ!" ಎಂದರು. ಇದ್ದದ್ದು ಇದ್ದಂಗ ಹೇಳಿದರ ಎದ್ದು ಬಂದು ಎದೀಗೆ ಒದ್ದರಂತ ಎನ್ನುವ ನಮ್ಮ ಗಾದೆ ಪುಣೆಯ ತನಕ ಮುಟ್ಟಿರಲಿಲ್ಲವೆಂದು ಕಾಣುತ್ತದೆ.

ಮರುದಿನ ಪಕ್ಕದ ಬಳೆ ಅಂಗಡಿಯ ಹಜರತಅಲಿ ಎಂದಿನಂತೆ ಇಬ್ಬರಿಗೂ ಚಹಾ ತರಿಸಿದ. ಫಕೀರಪ್ಪ ಕಪ್ಪನ್ನು ಹಿಂದಕ್ಕೆ ಸರಿಸಿ, "ಬ್ಯಾಡ್ರಿ ಸಾಬ್ರ, ನಾ ಸುಧಾರಿಸಾಕತ್ತೇನಿ" ಎಂದ.

"ಯಾ ಅಲ್ಲಾ! ಏನಾಗಿತ್ರಿ ಫಕೀರಪ್ಪಣ್ಣ? ಜ್ವರ ಬಂದಿದ್ದುವನ? ಒಂದ್ ಮಾತ್ ಹೇಳ್ಲಿಲ್ಲಲ್ರಿ!"

ನಮ್ಮಲ್ಲಿ ಬೇನೆ ಬಿದ್ದು ಎದ್ದವರು ತಾನೇ ಸುಧಾರಿಸುವುದು? ಸಂಜೆಯೊಳಗೆ ಫಕೀರಪ್ಪನಿಗೆ ದೊಡ್ಡ ಬೇನೆಯಾಗಿತ್ತಂತೆ ಎಂದು ಪೇಟೆಯೆಲ್ಲ ಸುದ್ದಿ. ಒಬ್ಬರು ಮೋಸಂಬಿ ತಂದರು, ಇನ್ನೊಬ್ಬರು ಯಾವುದೋ ಮಠದ ವಿಭೂತಿ ತಂದರು. ಫಕೀರಪ್ಪ ವಿಭೂತಿ ಹಚ್ಚಿಕೊಂಡು, ಮೋಸಂಬಿಯನ್ನು ನೀರಾಗುವ ತನಕ ಅಗಿದ. ಅದು ಮೊದಲೇ ನೀರು, ಇರಲಿ ಬಿಡಿ.

ಮುರಿಗೆವ್ವ ಬಹಳಷ್ಟನ್ನು ಸಹಿಸಿದಳು. ಕೋಳಿಗಿಂತ ಮೊದಲು ಎದ್ದು ಕೊಡ ಬಡಿಯುತ್ತಾ ತಣ್ಣೀರು ಸುರಿದುಕೊಳ್ಳುವುದನ್ನು ಸಹಿಸಿದಳು. ಒಂದು ರೊಟ್ಟಿ ಮುಗಿಯುವುದರೊಳಗೆ ಪಲ್ಯ ಆರಿ, ಸಾರು ಆರಿ, ಬಡಿಸುವವಳ ಉತ್ಸಾಹವೂ ಆರುವುದನ್ನು ಸಹಿಸಿದಳು. "ಎಮ್ಮಿ ಮೆಲಕ ಹಾಕಿದಂಗ ಆತು ನಿಮ್ಮ ಊಟ" ಎಂದು ನಕ್ಕು ಸುಮ್ಮನಾದಳು. ತೊಂದರೆ ಬಂದದ್ದು ಆ ನೇರ ಮಾತಿನಿಂದ.

ನಮ್ಮ ಮನೆಗಳಲ್ಲಿ 'ಇಲ್ಲ', 'ಹೋಯಿತು', 'ಮುಗಿಯಿತು' ಎನ್ನುವ ಮಾತುಗಳಿಗೆ ಹೊಸ್ತಿಲ ಹೊರಗೇ ಜಾಗ. ನಾವು ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಬಾಗಿಲು ಹಾಕುವುದಿಲ್ಲ, ಮುಂದೆ ಮಾಡುತ್ತೇವೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತವೆ. ಡಬ್ಬಿಯ ತಳ ಕಂಡರೆ ಹಿಟ್ಟು ತುಂಬಿದೆ ಎನ್ನುತ್ತೇವೆ. ಹೊರಟವರು 'ಬರುತ್ತೇನೆ' ಎಂದೇ ಹೊರಡಬೇಕು. 'ಹೋಗುತ್ತೇನೆ' ಎಂದು ಹೋಗುವವರು ತಿರುಗಿ ಬಾರದವರು. ಇದನ್ನು ಯಾರೂ ಕೂಡ್ರಿಸಿ ಕಲಿಸುವುದಿಲ್ಲ, ಹಾಲಿನ ಜೊತೆ ಬರುತ್ತದೆ. ಫಕೀರಪ್ಪನಿಗೂ ಬಂದಿತ್ತು. ಆದರೆ ಈಗ ಸುಧಾರಿಸುತ್ತಿದ್ದನಲ್ಲ!

"ಜ್ವಾಳದ ಹಿಟ್ಟ ತುಂಬೈತ್ರಿ" ಎಂದಳು ಮುರಿಗೆವ್ವ ಒಂದು ಮುಂಜಾನೆ.

"ತುಂಬಿದ್ರ ಮತ್ಯಾಕ ಬೀಸಿಸಿಕೊಂಡ್ ಬರ್ಬೇಕು? ಮುಗದೈತಿ ಅನ್ನು. ನೇರ ಮಾತಾಡು."

"ಅಯ್ಯ ಶಿವನ! ಮುಂಜಾನೆದ್ದು ಎಂಥಾ ಮಾತಾಡ್ತೀರಿ!"

"ಮಾತಿನ್ಯಾಗ ಏನೈತಿ? ಡಬ್ಬಿ ಖಾಲಿ ಐತಿ, ಖಾಲಿ ಅನ್ನು."

ಮುರಿಗೆವ್ವ ಡಬ್ಬಿಯನ್ನು ಅವನ ಕೈಗೆ ಕೊಟ್ಟು ಒಳಗೆ ಹೋದಳು. ತಾನು ಗೆದ್ದೆನೆಂದುಕೊಂಡು ಫಕೀರಪ್ಪ ಗಿರಣಿಗೆ ಹೋದ.

ಇದೇ ಉಮೇದಿನಲ್ಲಿ ಅವನು ಪೇಟೆಯನ್ನೂ ಸುಧಾರಿಸಹೋಗಿ ಹಜರತಅಲಿಯ ವ್ಯಾಪಾರ ಕೆಡಿಸಿದ. ನವಲಗುಂದದ ಕಡೆಯ ಮದುವೆ ಮಂದಿ ಬಳೆ ಇಡಿಸಿಕೊಳ್ಳಲು ಬಂದು ಕುಳಿತಿದ್ದರು. ಮದುಮಗಳ ಕೈಯಲ್ಲಿ ಒಂದು ಬಳೆ ಚಟ್ಟೆಂದಿತು. "ಒಂದ ಹೆಚ್ಚಿತವ್ವಾ, ಛಲೋ ಆತು" ಎಂದು ಹಜರತಅಲಿ ನಗುತ್ತ ಚೂರನ್ನು ಮುಚ್ಚಿಹಾಕುತ್ತಿದ್ದ. ಪಕ್ಕದ ಗಾದಿಯ ಮೇಲಿಂದ ಫಕೀರಪ್ಪ, "ಹೆಚ್ಚಿಲ್ರಿ, ಒಡದೈತಿ! ನಾನ ಕಣ್ಣಾರೆ ನೋಡೇನಿ!" ಎಂದು ಕೂಗಿ ಹೇಳಿದ. ಮದುಮಗಳ ಅಜ್ಜಿ ಎದ್ದಳು. ಅಜ್ಜಿಯ ಹಿಂದೆ ಎಲ್ಲರೂ ಎದ್ದರು. ಆ ದಿನದಿಂದ ಹಜರತಅಲಿ ಚಹಾ ತರಿಸಿದರೆ ಒಂದೇ ಕಪ್ಪು ತರಿಸಿದ. ಫಕೀರಪ್ಪ ಚಹಾ ಬಿಟ್ಟಿದ್ದನೇನೋ ಖರೆ. ಆದರೂ ಕರೆಯದೇ ಇದ್ದದ್ದು ಚುಚ್ಚಿತು.

ಅಷ್ಟರಲ್ಲಿ ಶ್ರಾವಣ ಬಂತು. ನಾಗರಪಂಚಮಿಗೆ ಅಕ್ಕನನ್ನು ಕರೆದೊಯ್ಯಲು ಹೆಬ್ಬಳ್ಳಿಯಿಂದ ತಮ್ಮ ಗುರುಸಿದ್ದಪ್ಪ ಬಂದಿಳಿದ. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಸದೆ ಮುರಿಗೆವ್ವ ಪಂಚಮಿಗೆ ತವರಿಗೆ ಹೋಗುತ್ತಿದ್ದಳು. ಹೊರಡುವ ಹಿಂದಿನ ಸಂಜೆ ಉಂಡಿ ಕಟ್ಟುತ್ತ ಕುಳಿತು, ಗಂಡನ ಪಾಲಿನ ಶೇಂಗಾ ಉಂಡಿಯನ್ನು ಬೇರೆ ಡಬ್ಬಿಗೆ ಹಾಕುತ್ತ, ಪ್ರತಿವರ್ಷ ಕೇಳುವುದನ್ನೇ ಕೇಳಿದಳು:

"ನಾ ಇಲ್ಲಂದ್ರ ನಿಮಗ ಬ್ಯಾಸರ ಆಗ್ತೈತೇನ್ರಿ?"

ಪ್ರತಿವರ್ಷ ಅವನೂ ಒಂದೇ ಉತ್ತರ ಕೊಡುತ್ತಿದ್ದ: "ಆಗದನ ಇರ್ತೈತೇನು? ಲಗೂ ಬಾ." ಇದು ಪ್ರಶ್ನೆಯಲ್ಲ, ಅದು ಉತ್ತರವಲ್ಲ, ಗಂಡಹೆಂಡಿರ ನಡುವಿನ ಒಂದು ಪದ್ಧತಿ. ಈ ಸಲವೂ ಆ ಮಾತು ನಾಲಿಗೆಯ ತನಕ ಬಂದಿತ್ತು. ಆದರೆ ನಾಲಿಗೆಯ ಮೇಲೆ ಪುಣೆಯ ಗೃಹಸ್ಥರು ಕುಳಿತಿದ್ದರಲ್ಲ!

"ನೇರ ಹೇಳಬೇಕಂದ್ರ, ಆಗೂದಿಲ್ಲ" ಎಂದ ಫಕೀರಪ್ಪ. "ನೀ ಇಲ್ಲಂದ್ರ ಮನಿ ಶಾಂತ ಇರ್ತೈತಿ."

ಮುರಿಗೆವ್ವನ ಅಂಗೈಯಲ್ಲಿ ಉಂಡಿ ನಿಂತಿತು. ಆಮೇಲೆ ಮತ್ತೆ ಉರುಳತೊಡಗಿತು. ಅವಳು ಏನೂ ಅನ್ನಲಿಲ್ಲ. ಅಲ್ಲ ಮಾರಾಯಾ, ಹೆಂಗಸು ಏನಾದರೂ ಅಂದರೆ ಹೆದರಬೇಕಾಗಿಲ್ಲ, ಸುಮ್ಮನಾದಾಗ ಹೆದರಬೇಕು ಎನ್ನುವಷ್ಟು ತಿಳಿವಳಿಕೆ ಐವತ್ತರ ಹತ್ತಿರವೂ ಬರಲಿಲ್ಲವೆಂದರೆ ಇನ್ನು ಯಾವಾಗ ಬರಬೇಕು?

ಬೆಳಿಗ್ಗೆ ಗುರುಸಿದ್ದಪ್ಪ ಗಂಟು ಹೊತ್ತು ಅಂಗಳದಲ್ಲಿ ನಿಂತಿದ್ದ. ಮುರಿಗೆವ್ವ ಸೆರಗು ಸರಿ ಮಾಡಿಕೊಂಡು ಹೊಸ್ತಿಲು ದಾಟಿ, ಗಂಡನ ಕಡೆ ಹೊರಳಿ ಹೇಳಿದಳು:

"ಹೋಗ್ತೇನ್ರಿ."

"ಶಾಬಾಸ್!" ಎಂದ ಫಕೀರಪ್ಪ. ಕಡೆಗೂ ಕಲಿತಳಲ್ಲ! ಗುರುಸಿದ್ದಪ್ಪನ ಬಾಯಿ ತೆರೆದದ್ದು ತೆರೆದ ಹಾಗೆಯೇ ಇತ್ತು. ಮುರಿಗೆವ್ವ ಹೊರಳಿ ನೋಡದೆ ಓಣಿಯ ತಿರುವು ದಾಟಿದಳು.

ಮಧ್ಯಾಹ್ನದ ಹೊತ್ತಿಗೆ, ತೊಗರಿಯ ರಾಶಿಯಲ್ಲಿ ಕೈ ಹಾಕಿ ಗಿರಾಕಿಗೆ ತೋರಿಸುತ್ತಿರುವಾಗ, ಕೈ ಅಲ್ಲೇ ನಿಂತಿತು. ಹೋಗ್ತೇನಿ ಅಂದಳಲ್ಲ. ಕಲಿಸಿದ್ದಕ್ಕೆ ಅಂದಳೋ, ಅಥವಾ... ಗಿರಾಕಿ ಎರಡು ಸಲ ಕೇಳಿ, ಮುಂದಿನ ಅಂಗಡಿಗೆ ಹೋದ.

ಹಬ್ಬದ ದಿನ ಫಕೀರಪ್ಪ ಖಾನಾವಳಿಯಲ್ಲಿ ಉಂಡ. ಮನೆಗೆ ಬಂದರೆ, ತಾನೇ ಹೊಗಳಿದ ಶಾಂತಿ ಕದ ತೆರೆದು ಕಾಯುತ್ತಿತ್ತು. ಎಂಥ ಶಾಂತಿ ಅಂತೀರಿ! ತಾನು ಅಗಿಯುವ ಸದ್ದು ತನಗೇ ಕೇಳಿ, ಉಂಡಿ ಗಂಟಲಲ್ಲಿ ಇಳಿಯಲಿಲ್ಲ. ನಸುಕಿನಲ್ಲಿ ಏಳುವುದು ನಿಂತಿತು. ಏಳಲು ನಿದ್ದೆಯಾದರೂ ಬರಬೇಕಲ್ಲ. ತಣ್ಣೀರ ಸ್ನಾನ ನಿಂತಿತು, ತಿರುಗಾಟ ನಿಂತಿತು. ಹಬ್ಬ ಕಳೆದು ಓಣಿಯ ಹೆಣ್ಣುಮಕ್ಕಳೆಲ್ಲ ತವರಿನಿಂದ ತಿರುಗಿ ಬಂದು ಅವರವರ ಅಂಗಳದಲ್ಲಿ ರಂಗೋಲಿ ಎದ್ದವು. ಫಕೀರಪ್ಪನ ಅಂಗಳ ಮಾತ್ರ ಬೋಳಾಗಿತ್ತು. ಎದುರುಮನೆಯ ಕಸ್ತೂರೆವ್ವ, "ಅಕ್ಕಾರು ಇನ್ನೂ ಬರ್ಲಿಲ್ಲನ್ರಿ ಅಣ್ಣಾರ?" ಎಂದು ಕೇಳಿದಾಗ, ಇದ್ದದ್ದನ್ನು ಇದ್ದ ಹಾಗೆ ಹೇಳುವ ಫಕೀರಪ್ಪ, "ಆಕಿ ತಮ್ಮಗ ಮೈಯಾಗ ಆರಾಮಿಲ್ಲ" ಎಂದು ಸುಳ್ಳು ಹೇಳಿದ.

ತಡೆಯಲಾರದೆ ಬಳೆ ಅಂಗಡಿಗೆ ಹೋಗಿ ಕುಳಿತು ಎಲ್ಲವನ್ನೂ ಒದರಿದ. "ಏನರ ಹೇಳ್ರಿ ಸಾಬ್ರ. ಆಕಿ ಬರ್ತಾಳೊ ಇಲ್ಲೊ?"

ಹಜರತಅಲಿ ಮೊದಲು ಬಳೆಗಳ ಧೂಳು ಒರೆಸಿದ. ಆಮೇಲೆ ಗಡ್ಡ ಕೆರೆದುಕೊಂಡ. ಅವನಿಗೂ ಒಂದು ಮದುವೆ ಮಂದಿಯ ಲೆಕ್ಕ ತೀರಿಸಿಕೊಳ್ಳುವುದಿತ್ತು.

"ನೋಡ್ರಿ ಫಕೀರಪ್ಪಣ್ಣ. ಕಲಿಸಿದ ಪಾಠ ಒಪ್ಪಿಸಿದ್ರೂ ಹೋಗ್ತೇನಿ ಅನಬೇಕು, ಖರೇನ ಬಿಟ್ಟು ಹೋದ್ರೂ ಹೋಗ್ತೇನಿ ಅನಬೇಕು. ಎರಡಕ್ಕೂ ನಿಮ್ಮ ಭಾಷಣದವ್ರು ಒಂದ ಮಾತು ಇಟ್ಟಾರ. ನಮ್ಮ ಹಳೀ ಮಾತಿನ್ಯಾಗ ಈ ತ್ರಾಸ ಇದ್ದಿದ್ದಿಲ್ಲ ಬಿಡ್ರಿ."

ಫಕೀರಪ್ಪನ ಮುಖ ನೋಡಲಾಗದಷ್ಟು ಸಣ್ಣಗಾಯಿತು. ಹಜರತಅಲಿಗೆ ಅಯ್ಯೋ ಅನ್ನಿಸಿತು. ಹಸಿರು ಬಳೆಗಳ ಒಂದು ಕಟ್ಟು ತೆಗೆದು ಕಾಗದದಲ್ಲಿ ಸುತ್ತಿ ಕೊಟ್ಟ. "ಕುಂತು ಕೇಳಿದ್ರ ಆಗೂದಿಲ್ಲ, ಎದ್ದು ಹೋಗ್ರಿ. ಇವನ್ನ ಕೊಡ್ರಿ. ಬಸ್ಸಿನ್ಯಾಗ ಜ್ವಾಕಿ, ಹೆಂಗ ಒಯ್ತೀರಿ?"

"ಹೆಚ್ಚದಂಗ ಒಯ್ತೇನ್ರಿ" ಎಂದ ಫಕೀರಪ್ಪ ತಲೆ ತಗ್ಗಿಸಿ.

ಹಜರತಅಲಿ ಹೊರಗೆ ಮುಖ ಮಾಡಿ, ಎರಡು ಕಪ್ಪು ಚಹಾ ಎಂದು ಕೂಗಿದ. ಫಕೀರಪ್ಪ ಕುಡಿದ.

ಧಾರವಾಡದ ತನಕ ಒಂದು ಬಸ್ಸು, ಅಲ್ಲಿಂದ ಹೆಬ್ಬಳ್ಳಿಗೆ ಇನ್ನೊಂದು. ಜಿಟಿಜಿಟಿ ಮಳೆಗೆ ಎರೆಮಣ್ಣು ನೆನೆದು, ಬಸ್ಸಿಳಿದ ಫಕೀರಪ್ಪನ ಚಪ್ಪಲಿಗಳು ಹೆಜ್ಜೆಹೆಜ್ಜೆಗೂ ದಪ್ಪಗಾದವು. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿದ್ದ: 'ಈ ಕಡೆ ಕಾಳು ನೋಡಾಕ ಬಂದಿದ್ದೆ, ಹಂಗ ಹಾದು ಹೋಗೂಣಂತ ಬಂದೆ.' ಇದು ನೇರ ಮಾತಲ್ಲ ಎನ್ನುವುದು ಅವನಿಗೆ ಹೊಳೆಯಲೂ ಇಲ್ಲ.

ಪಡಸಾಲೆಯ ತೊಲೆಗೆ ಪಂಚಮಿಯ ಜೋಕಾಲಿ ಇನ್ನೂ ತೂಗುತ್ತಿತ್ತು. ಅದರ ಪಕ್ಕದಲ್ಲಿ ಕುಳಿತು ಮುರಿಗೆವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಒಳಗೆ ಗುರುಸಿದ್ದಪ್ಪನ ಹೆಂಡತಿ ರತ್ನವ್ವ ರೊಟ್ಟಿ ಬಡಿಯುವ ಸದ್ದು. "ಬರ್ರಿ ಮಾಮಾರ" ಎಂದು ಗುರುಸಿದ್ದಪ್ಪ ಕಂಬಳಿ ಹಾಸಿದ. ಮುರಿಗೆವ್ವ ಎದ್ದು ನೀರು ತಂದಿಟ್ಟಳು, ಮತ್ತೆ ಮೊರದ ಮುಂದೆ ಕುಳಿತಳು.

"ಯಾಕ ಬಂದ್ರಿ? ನೇರ ಹೇಳ್ರಿ."

ಬಾಯಿಪಾಠ ಮಾಡಿದ್ದೆಲ್ಲ ಮಳೆಯಲ್ಲಿ ತೊಳೆದುಹೋಗಿತ್ತು. ಫಕೀರಪ್ಪ ಕಾಗದದ ಪೊಟ್ಟಣವನ್ನು ಅವಳ ಕಡೆ ಸರಿಸಿದ. "ಬಳಿ. ಹಜರತಸಾಬ್ರು ಕೊಟ್ಟಾರ. ಬಸ್ಸಿನ್ಯಾಗ ಎರಡು... ಹೆಚ್ಚ್ಯಾವ."

ಮುರಿಗೆವ್ವನ ಕೈ ಒಂದು ಗಳಿಗೆ ತಡೆಯಿತು. ಆದರೆ ತಲೆ ಎತ್ತಲಿಲ್ಲ.

"ಹಿಟ್ಟ ತುಂಬೈತಿ" ಎಂದ ಫಕೀರಪ್ಪ.

"ಹೂಂ."

"ಎಣ್ಣಿ ತುಂಬೈತಿ. ಉಪ್ಪು ತುಂಬೈತಿ."

"ಎಲ್ಲಾ ತುಂಬಿದ್ರ ಛಲೋ ಆತಲ್ರಿ. ಮತ್ತ ನಾ ಯಾಕ ಬೇಕು? ಮನಿ ಶಾಂತ ಐತಿ."

ಫಕೀರಪ್ಪ ಕಂಬಳಿ ಬಿಟ್ಟು ಬಂದು ಮೊರದ ಮುಂದೆ ನೆಲಕ್ಕೇ ಕುಳಿತ. ತವರಿನ ಮಂದಿಯ ಮುಂದೆ ಗಂಡಸು ಹೀಗೆ ಕೂಡ್ರಬಾರದೆಂದು ಅವನಿಗೂ ಗೊತ್ತಿತ್ತು. ಆದರೂ ಮಾತು ತಾನಾಗಿಯೇ ಬಂತು, ಯಾವ ಗೃಹಸ್ಥರನ್ನೂ ಕೇಳದೆ.

"ಮನಿ ತುಂಬಿಬಿಟ್ಟೈತಿ, ಮುರಿಗಿ. ಕಾಲಿಡಾಕ ಆಗವಲ್ದು."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಗುರುಸಿದ್ದಪ್ಪ ಏನೋ ನೆನಪಾದವನಂತೆ ಜೋಕಾಲಿಯ ಹಗ್ಗ ಹಿಡಿದು ನೋಡತೊಡಗಿದ. ಮುರಿಗೆವ್ವ ಮೊರ ಬದಿಗಿಟ್ಟು ಎದ್ದು ಒಳಗೆ ಹೋದಳು. ಬಳೆಯ ಪೊಟ್ಟಣ ಇದ್ದಲ್ಲೇ ಇತ್ತು.

ಫಕೀರಪ್ಪ ಕಾದ. ನೀರು ಕುಡಿದ. ಮತ್ತೆ ಕಾದ. ಒಳಗಿನಿಂದ ಯಾರೂ ಬರಲಿಲ್ಲ. ಆಯಿತು, ಇಷ್ಟೇ ತನ್ನ ಪಾಲಿಗೆ ಎಂದುಕೊಂಡು ಎದ್ದು, ಮಣ್ಣು ಮೆತ್ತಿದ ಚಪ್ಪಲಿಯಲ್ಲಿ ಒಂದು ಕಾಲು ತೂರಿಸಿ, "ಆತಪಾ ಗುರುಸಿದ್ದಪ್ಪ, ನಾ ಹೋ..." ಎಂದವನು ನಾಲಿಗೆ ಕಚ್ಚಿಕೊಂಡು, "ಬರ್ತೇನಪಾ" ಎಂದ.

"ಬರ್ತೇನಿ" ಎಂದಳು ಒಳಗಿನಿಂದ ಮುರಿಗೆವ್ವ.

ಫಕೀರಪ್ಪ ಒಂದು ಕಾಲಿನ ಮೇಲೆ ನಿಂತ. ಯಾವ 'ಬರ್ತೇನಿ' ಇದು? ನೀವು ನಡೀರಿ, ಯಾವಾಗಾದರೂ ಬರ್ತೇನಿ ಎಂದೋ? ತನ್ನ ಮಾತನ್ನೇ ಅಣಕಿಸಿದ್ದೋ? ಹಳೆಯ ಮಾತಿನಲ್ಲೂ ತ್ರಾಸ ಇಲ್ಲದಿಲ್ಲ ಎಂದು ಹಜರತಅಲಿಗೆ ಹೇಳಬೇಕು ಅನ್ನಿಸಿತು.

ಆಗ ರತ್ನವ್ವನ ದನಿ ಕೇಳಿತು: "ಹೂಂ ಬರ್ರಿ ಅಕ್ಕಾರ, ಮತ್ತ ದೀಪಾವಳಿಗೆ ಬರ್ರಿ."

ಮುರಿಗೆವ್ವ ಹೊರಗೆ ಬಂದಳು. ಕಂಕುಳಲ್ಲಿ ಗಂಟು, ಹಣೆಯಲ್ಲಿ ಹೊಸದಾಗಿ ಇಟ್ಟ ಕುಂಕುಮ. ಬಗ್ಗಿ ಬಳೆಯ ಪೊಟ್ಟಣ ಎತ್ತಿ ಗಂಟಿನೊಳಗೆ ತುರುಕಿ, "ನಿಂತ ನಿಂತ ಏನ್ ನೋಡ್ತೀರಿ, ಬಸ್ಸ ತಪ್ಪತೈತಿ" ಎಂದಳು. ಫಕೀರಪ್ಪನಿಗೆ ಕಣ್ಣಲ್ಲಿ ನೀರು ಬಂತು. ಅದನ್ನು ಮಳೆಯ ಮೇಲೆ ಹಾಕಿ ಒರೆಸಿಕೊಂಡ.

ಮಣ್ಣಿನ ದಾರಿಯಲ್ಲಿ ಅವಳು ಮುಂದೆ, ಇವನು ಹಿಂದೆ. ಸುಮ್ಮನಿರಬಾರದೇ? ಇರಲಾರ. ಬಸ್ಸು ನಿಲ್ಲುವ ಮರದ ಕೆಳಗೆ ಬಂದಾಗ ಮೆಲ್ಲಗೆ ಕೇಳಿಯೇಬಿಟ್ಟ:

"ಅವತ್ತ ಹೋಗ್ತೇನಿ ಅಂದ್ಯಲ್ಲ... ನಾ ಕಲಿಸಿದ್ದಕ್ಕ ಅಂದ್ಯೋ, ಖರೇನ ಅಂದ್ಯೋ?"

ಮುರಿಗೆವ್ವ ಹೊರಳಿ ಅವನನ್ನು ಮೇಲಿಂದ ಕೆಳಗಿನ ತನಕ ನೋಡಿದಳು.

"ನೇರ ಹೇಳ್ಲೇನ್ರಿ?"

"ಬ್ಯಾಡ ಬ್ಯಾಡ" ಎಂದ ಫಕೀರಪ್ಪ ಗಾಬರಿಯಿಂದ.

ಮುರಿಗೆವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ಗಂಟು ಬಿಚ್ಚಿ, ತವರಿನ ಎಳ್ಳುಂಡಿ ಒಂದನ್ನು ಅವನ ಕೈಗಿಟ್ಟಳು. ಫಕೀರಪ್ಪ ಅದನ್ನು ಅಗಿಯದೆ ನುಂಗಿ, ಇನ್ನೊಂದಕ್ಕೆ ಕೈ ಒಡ್ಡಿದ.