ತುಟಿ ಮಾತ್ರ ಆಡಿಸಿ

ಬರ್ಲಿನ್ನಿಗೆ ಮಾತಿನ ಚಿತ್ರ ಬಂದ ಹೊಸತು. ಅಂದು ಸ್ಟುಡಿಯೋದೊಳಗೆ ರಷ್ಯಾದ ಹಳೆಯ ರಾಜಧಾನಿ ಪೀಟರ್ಸ್‌ಬರ್ಗಿನ ಔತಣಕೂಟವೊಂದರ ಚಿತ್ರೀಕರಣ. ರಾಯಭಾರಿಯ ಮಗಳು ಎದುರಾಳಿ ದೇಶದ ಅಧಿಕಾರಿಯನ್ನು ಕದ್ದು ಪ್ರೀತಿಸುವ ಕಥೆ. ಹಿಂದೆ ನಿಲ್ಲುವ ಅತಿಥಿಗಳ ಗುಂಪಿನಲ್ಲಿದ್ದ ಒಟಿಲಿಯೆಗೆ ಅದನ್ನು ಕೇಳಿ ನಗು ಬಂತು. ಮಹಾಯುದ್ಧಕ್ಕೆ ಮೊದಲು ಆಸ್ಟ್ರಿಯಾದ ರಾಜತಾಂತ್ರಿಕನ ಮಗಳಾಗಿ ಅದೇ ಊರಿನ ಕೂಟಗಳಲ್ಲಿ ನಿಜವಾಗಿ ಕುಣಿದವಳು ಅವಳು. ಈಗ ಹೊಟ್ಟೆಪಾಡಿಗೆ ಸ್ಟುಡಿಯೋದ ಗೌನು ತೊಟ್ಟು ನಿಂತಿದ್ದಳು. ಕಾಲ ಯಾರನ್ನು ತಾನೇ ಬಿಟ್ಟೀತು, ಹೇಳಿ!

"ನೋಡ್ರಪ್ಪಾ, ಹೂದಾನಿ ಒಳಗೆ ಮೈಕಿದೆ," ಎಂದು ನಿರ್ದೇಶಕ ಕೂಗಿದ. "ಹಿಂದಿರೋರು ಬರೀ ತುಟಿ ಆಡಿಸಿ. ಯಾರಾದ್ರೂ ಉಸಿರೆತ್ತಿದ್ರೋ, ಗೇಟಿಂದ ಆಚೆಗೆ!"

ತನ್ನ ಜೋಡಿಯಾಗಿ ತಂದು ನಿಲ್ಲಿಸಿದವನತ್ತ ಅವಳು ತಿರುಗಿ ನೋಡಿದಳು. ಪ್ಲಾಟನ್! ರಷ್ಯಾದ ವಿದೇಶಾಂಗ ಖಾತೆಯಲ್ಲಿದ್ದ ಆ ಬಡಕಲು ಹುಡುಗನ ತಲೆ ಈಗ ಪೂರಾ ನರೆತಿತ್ತು.

"ನಿಮ್ಮಪ್ಪ ಇಲ್ವಲ್ಲ ಸುತ್ತಮುತ್ತ?" ಎಂದ ಅವನು, ಮೆಲ್ಲಗೆ.

"ಅವರು ಹೋಗಿ ಕಾಲ ಆಯ್ತು. ನಿಮ್ಮ ಹೆಂಡ್ತಿ?"

"ಈ ಮೂತೀನ ಯಾರು ಕಟ್ಕೋತಾರೆ? ನಾಳೆ ಬ್ರೆಜಿಲ್‌ಗೆ ಹೊರಟೆ, ಒಟಿಲಿಯೆ. ಅಲ್ಲೊಂದು ಕೆಲಸ ಸಿಕ್ಕಿದೆ. ಇನ್ನು ಈ ಕಡೆ ಬರೋದಿಲ್ಲ."

ಅವಳಿಗೆ ಪೀಟರ್ಸ್‌ಬರ್ಗಿನ ದಿನಗಳು ನೆನಪಾದವು. ಆಗೆಲ್ಲ ಅಪ್ಪನ ಕಾವಲಿಗೆ ಹೆದರಿ ಇಬ್ಬರೂ ಸಭಾಂಗಣದ ಆಚೆ ಈಚೆ ನಿಂತು, ದನಿಯಿಲ್ಲದೆ ತುಟಿಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ಕೊನೆಯ ಕೂಟದಲ್ಲಿ ಅವನು ಮದುವೆಯ ಮಾತೆತ್ತಿದಾಗ, ಅಪ್ಪ ನೋಡಿದರೆಂದು ಇವಳು ಮುಖ ತಿರುಗಿಸಿಬಿಟ್ಟಿದ್ದಳು. ಹಿಂದೆಯೇ ಯುದ್ಧ ಬಂದು ಇಬ್ಬರ ದೇಶಗಳೂ ಶತ್ರುಗಳಾದವು. ಕೊಡದೆ ಹೋದ ಆ ಉತ್ತರಕ್ಕಾಗಿ ಅವಳು ಎಷ್ಟು ಅತ್ತಿದ್ದಳೋ!

ಚಿತ್ರೀಕರಣದ ಗಂಟೆ ಮೊಳಗಿತು. ಎಲ್ಲೆಡೆ ನಿಶ್ಶಬ್ದ. ಮುಂದೆ ನಾಯಕಿ ಹೂದಾನಿಯತ್ತ ಬಾಗಿ ಬಿಕ್ಕುತ್ತಿದ್ದಳು. ಹಿಂದೆ ಪ್ಲಾಟನ್ನನ ತುಟಿಗಳು ಹಳೆಯ ಅಭ್ಯಾಸದಂತೆ ಆಡಿದವು: ಅವತ್ತು ಕೇಳಿದ್ದನ್ನೇ ಕೇಳ್ತಿದೀನಿ. ಬರ್ತೀರಾ ನನ್ಜೊತೆ?

ತುಟಿಯಲ್ಲೇ ಉತ್ತರಿಸಬಹುದಿತ್ತು. ಆದರೆ ಅಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಕೇಳಬೇಕಲ್ಲ!

"ಬರ್ತೀನಿ!"

ಇಡೀ ಸ್ಟುಡಿಯೋಗೆ ಕೇಳಿಸಿತು. ನಾಯಕಿಯ ಅಳು ನಿಂತೇಹೋಯಿತು.

"ಯಾರ್ರೀ ಅದು ಬಾಯಿ ಬಿಟ್ಟಿದ್ದು?" ನಿರ್ದೇಶಕ ಕೆಂಡವಾದ.

"ನಾನು," ಎಂದಳು ಒಟಿಲಿಯೆ. "ಅಪ್ಪನಿಗೆ ಹೆದರಿ ಒಂದ್ಸಲ ಬಾಯಿ ಮುಚ್ಕೊಂಡು ಕೆಟ್ಟೆ. ನಿಮಗೂ ಹೆದರ್ಲಾ?"

"ಗೇಟು ಆ ಕಡೆ!"

ಅವಳು ಪ್ಲಾಟನ್ನನ ತೋಳು ಹಿಡಿದು ಹೊರಟಳು.

"ಗೌನು ಬಿಚ್ಚಿಟ್ಟು ಹೋಗ್ರಮ್ಮಾ!" ಎಂದು ಉಡುಪು ನೋಡಿಕೊಳ್ಳುವವಳು ಹಿಂದಿನಿಂದ ಅರಚಿದಳು.

ಒಟಿಲಿಯೆ ಗಕ್ಕನೆ ನಿಂತಳು. "ಒಂದು ನಿಮಿಷ, ಕೊಟ್ಟು ಬಂದ್ಬಿಡ್ತೀನಿ. ಹೊರಟುಬಿಟ್ಟೀರಿ ಮತ್ತೆ!"

"ಇಲ್ಲೇ ಇರ್ತೀನಿ, ಹೋಗಿ ಬನ್ನಿ," ಎಂದ ಪ್ಲಾಟನ್, ಎಲ್ಲರಿಗೂ ಕೇಳುವಂತೆ.